ಪೆಟ್ಟಿಗೆಯೊಳಗೆ ಹಿಡಿಸುವ ಬಾಗಿಲು: ಮೂರನೇ ಸಲ ಕಟ್ಟಿದ್ದು

ಕಳೆದ ಜುಲೈ, ತೀರ್ಥಹಳ್ಳಿ ಕಡೆಯ ಒಂದು ಊರು. ಸಮುದಾಯ ಭವನದ ಶೀಟಿನ ಮೇಲೆ ಮಳೆ ಹುಯ್ಯುತ್ತಿತ್ತು. ಆಟ ಶುರುವಾಗಿ ಮುಕ್ಕಾಲು ಗಂಟೆಯಾಗಿತ್ತು. ಮನೆ ಮಾಲೀಕ ಬಾಡಿಗೆದಾರನ ಮುಖಕ್ಕೆ ಬಡಿದ ಹಾಗೆ ಬಾಗಿಲು ಹಾಕಿಕೊಳ್ಳುವ ಜಾಗ ಬಂತು. ಹಾಕಿದೆ. ಬಾಗಿಲು ಚೌಕಟ್ಟಿಗೆ ಬಂದು ಕೂರಲಿಲ್ಲ. ನಾಲ್ಕು ಬೆರಳು ಉಳಿದಿರುವಾಗಲೇ ಮೇಲಿನ ಮೂಲೆ ಕಚ್ಚಿಕೊಂಡು ನಿಂತುಬಿಟ್ಟಿತು. ಸದ್ದೇ ಇಲ್ಲ. ಆ ಸದ್ದಿನ ಬೆನ್ನಿಗೆ ಬರಬೇಕಿದ್ದ ನಗುವೂ ಇಲ್ಲ. ಇನ್ನೂರು ಜನ ಮುಂದೇನು ಅಂತ ಕಾದು ಕೂತಿದ್ದರು.

ನಾನು ಮಾಡುವುದು ಏಕವ್ಯಕ್ತಿ ಹಾಸ್ಯ ನಾಟಕ. 70 ನಿಮಿಷ, ನಾಲ್ಕು ಪಾತ್ರ, ಒಂದು ಬಾಗಿಲು. ಬಾಡಿಗೆ ಮನೆಯ ಕಥೆ. ಮಾಲೀಕ ಬಾಗಿಲು ದಾಟಿ ಹೋದರೆ ಎಂಟು ಸೆಕೆಂಡಿನಲ್ಲಿ ಅದೇ ಬಾಗಿಲಿಂದ ಅವನ ಅತ್ತೆ ಬರಬೇಕು. ಬಾಗಿಲು ನನಗೆ ಸಹನಟ. ಎದುರಿಗೆ ಇನ್ನೊಬ್ಬ ನಟ ಇಲ್ಲದ ಮೇಲೆ ನನ್ನ ಮಾತಿಗೆ ಏಟು ಕೊಡುವುದೂ ಅದೇ, ಎದುರೇಟು ಕೊಡುವುದೂ ಅದೇ. 'ದಢ್' ಅನ್ನಬೇಕು, ಅರ್ಧ ಉಸಿರಿನಷ್ಟು ಮೌನ ಇರಬೇಕು, ಆಮೇಲೆ ಒಳಗಿಂದ ಸಣ್ಣ ದನಿ ಬರಬೇಕು. ಈ ಮೂರೂ ಸರಿಯಾಗಿ ಬಿದ್ದರೆ ಹುಬ್ಬಳ್ಳಿಯಲ್ಲೂ ನಗುತ್ತಾರೆ, ಹೊನ್ನಾವರದಲ್ಲೂ ನಗುತ್ತಾರೆ.

ಆವತ್ತು ಕೆಟ್ಟಿದ್ದು ನನ್ನ ಎರಡನೇ ಬಾಗಿಲು. ಮೊದಲನೆಯದನ್ನು ನಮ್ಮೂರಿನ ಆಚಾರ್ರು ಸಿಲ್ವರ್ ಓಕಿನಲ್ಲಿ ಮಾಡಿಕೊಟ್ಟಿದ್ದರು. ಚೆಂದದ ಬಾಗಿಲು, ಸದ್ದು ಇವತ್ತಿಗೂ ಕಿವಿಯಲ್ಲಿದೆ. ಆದರೆ ಚೌಕಟ್ಟು ಸೇರಿ 40 ಕೆಜಿ ದಾಟುತ್ತಿತ್ತು. ಹೋದಲ್ಲೆಲ್ಲ ಗೂಡ್ಸ್ ಆಟೊ ಹಿಡಿಯಬೇಕು, ಇಬ್ಬರು ಹೊರಬೇಕು, ಬಂದ ಸಂಭಾವನೆಯಲ್ಲಿ ಕಾಲು ಭಾಗ ಬಾಗಿಲೇ ತಿನ್ನುತ್ತಿತ್ತು. ಎರಡನೆಯದಕ್ಕೆ ಅಲ್ಯುಮಿನಿಯಂ ಕೊಳವೆಯ ಚೌಕಟ್ಟು, ಅದರ ಮೇಲೆ ಬಿಗಿದು ಬಣ್ಣ ಬಳಿದ ಕ್ಯಾನ್ವಾಸ್. ಒಂಬತ್ತೇ ಕೆಜಿ. ಬಸ್ಸಿಗೆ ಹಾಕಿಕೊಂಡು ಒಬ್ಬರೇ ಹೋಗಬಹುದಿತ್ತು.

ಮೂರನೆಯದನ್ನು ಕಟ್ಟುವ ಮೊದಲು ಈ ಎರಡನೆಯದನ್ನು ಮನೆಯ ಜಗಲಿಯಲ್ಲಿ ಪೂರ್ತಿ ಬಿಚ್ಚಿ ನೋಡಿದೆ. ಬಿಚ್ಚಿದೆ ಅನ್ನುವುದಕ್ಕಿಂತ ಕಿತ್ತೆ ಅನ್ನಬೇಕು. ಎತ್ತರದ ಕೊಳವೆ ಪೆಟ್ಟಿಗೆಯಲ್ಲಿ ಹಿಡಿಸಲೆಂದು ನಡುವೆ ಎರಡು ತುಂಡಾಗಿ, ಒಳಗೆ ಮರದ ಬಿರಡೆ ಹಾಕಿ ಜೋಡಿಸಿದ್ದೆ. ಕೊಳವೆ 25 ಮಿ.ಮೀ. ಚೌಕ, ಗೋಡೆ ದಪ್ಪ 1.5 ಮಿ.ಮೀ., ಅಂದರೆ ಒಳಗೆ 22 ಮಿ.ಮೀ. ಜಾಗ. ಬಿರಡೆಯನ್ನೂ ಅಷ್ಟಕ್ಕೇ ಹೊಂದಿಸಿ ಕೆತ್ತಿಸಿದ್ದೆ. ಬೇಸಿಗೆಯಲ್ಲಿ ಕೆತ್ತಿಸಿದ್ದು! ಮಲೆನಾಡಿನ ಆಷಾಢದ ಥಂಡಿಗೆ ಮರ ಉಬ್ಬಿತು, ಬಿರಡೆ ಅರ್ಧದಲ್ಲೇ ಸಿಕ್ಕಿಕೊಂಡಿತು, ಒಂದು ಬದಿಯ ಕಂಬ ಇನ್ನೊಂದಕ್ಕಿಂತ ಎಂಟು ಮಿ.ಮೀ. ಎತ್ತರ ನಿಂತಿತು. ಚೌಕಟ್ಟು ಮೂಲೆಮಟ್ಟ ತಪ್ಪಿದ ಮೇಲೆ ಬಾಗಿಲು ಕಚ್ಚದೆ ಇನ್ನೇನು? ಆವತ್ತು ರಾತ್ರಿ ಬಿರಡೆ ಹೊರಗೂ ಬರಲಿಲ್ಲ. ಊರಿನ ಹುಡುಗರು ಪಿಕಪ್ಪಿನಲ್ಲಿ ಇಡೀ ಬಾಗಿಲನ್ನು ನಿಂತ ಹಾಗೇ ಬಸ್‌ಸ್ಟ್ಯಾಂಡಿಗೆ ತಲುಪಿಸಿದರು. ಅವರ ಋಣ ದೊಡ್ಡದು.

ಮೂರನೆಯದಕ್ಕೆ ಮೊದಲು ತೀರ್ಮಾನಿಸಿದ್ದು ಅಳತೆ. ಅದನ್ನು ನಿಗದಿ ಮಾಡಿದ್ದು ರೈಲ್ವೆ. ಪ್ರಯಾಣಿಕರು ಡಬ್ಬಿಯೊಳಗೆ ಜೊತೆಗೆ ಒಯ್ಯಬಹುದಾದ ಪೆಟ್ಟಿಗೆಯ ಹೊರ ಅಳತೆ 100 × 60 × 25 ಸೆಂ.ಮೀ. ಮೀರಬಾರದು, ಮೀರಿದರೆ ಸಾಮಾನು ಸಾಗಿಸುವ ಬ್ರೇಕ್‌ವ್ಯಾನಿಗೆ ಬುಕ್ ಮಾಡಬೇಕು. ಎಸಿ ತ್ರೀ ಟಯರಿನಲ್ಲಿ ಇನ್ನೂ ಚಿಕ್ಕದು, 55 × 45 × 22.5. ಹಾಗಾಗಿ ನನ್ನ ಓಡಾಟ ಸ್ಲೀಪರಿನಲ್ಲೇ. ಅಲ್ಲಿ 40 ಕೆಜಿವರೆಗೆ ಉಚಿತ. ಮುಂಬೈ, ಸೊಲ್ಲಾಪುರದ ಕನ್ನಡ ಸಂಘಗಳಿಗೆ ಹೋಗುವಾಗ ಇದನ್ನು ಬಿಟ್ಟು ಬೇರೆ ದಾರಿಯಿಲ್ಲ. ಬಸ್ಸಿನ ಡಿಕ್ಕಿಗೂ ಈ ಅಳತೆ ಸಲೀಸು.

ಹಿಂದೆ ಕಂಪನಿ ನಾಟಕದವರಿಗೆ ಈ ಲೆಕ್ಕ ಇರಲಿಲ್ಲ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ರಂಗದ ಮೇಲೆ ನಿಜವಾದ ಆನೆ ತಂದಿದ್ದನ್ನು ಹಿರಿಯರು ಈಗಲೂ ಹೇಳುತ್ತಾರೆ. ಒಂದೂರಲ್ಲಿ ಕ್ಯಾಂಪ್ ಹಾಕಿದರೆ ತಿಂಗಳುಗಟ್ಟಲೆ ಅಲ್ಲೇ. ಹೆಗ್ಗೋಡಿನ ನೀನಾಸಂ 1985ರಿಂದ ನಡೆಸುತ್ತಿರುವ ತಿರುಗಾಟದಲ್ಲಿ ಊರು ದಿನವೂ ಬದಲಾದರೂ ಹೊರಲು, ಕಟ್ಟಲು ಜೊತೆಗೊಂದು ತಂಡ ಇರುತ್ತದೆ. ಒಬ್ಬರೇ ತಿರುಗುವವರಿಗೆ ಕಂಪನಿಯೂ ತಂಡವೂ ಎಲ್ಲ ಈ ಒಂದು ಪೆಟ್ಟಿಗೆಯೊಳಗೇ. ಯಕ್ಷಗಾನ ಮೇಳದವರು ವೇಷಭೂಷಣದ ಪೆಟ್ಟಿಗೆಗೆ ಕೊಡುವ ಗೌರವ ಏಕೆಂದು ನನಗೆ ಪೂರ್ತಿ ತಿಳಿದಿದ್ದು ಇದನ್ನು ಹೊರಲು ಶುರು ಮಾಡಿದ ಮೇಲೆ.

60 ಸೆಂ.ಮೀ. ಅಗಲದ ಪೆಟ್ಟಿಗೆಯಲ್ಲಿ ಮಲಗಬೇಕೆಂದರೆ ಬಾಗಿಲ ಹಲಗೆ 56ಕ್ಕಿಂತ ಅಗಲ ಇರುವಂತಿಲ್ಲ. ಮನೆಯ ಬಾಗಿಲಿಗೆ ಇದು ಕಿರಿದೇ. ಮೊದಲು ಹಲಗೆಯನ್ನು ಉದ್ದಕ್ಕೂ ಸೀಳಿ ನಾಲ್ಕು ತುಂಡು ಮಾಡುವುದೆಂದುಕೊಂಡಿದ್ದೆ. ಆಮೇಲೆ ನೆಲದ ಮೇಲೆ 56 ಸೆಂ.ಮೀ.ಗೆ ಎರಡು ಸೀಮೆಸುಣ್ಣದ ಗೆರೆ ಎಳೆದು ಮಾಲೀಕನ ಪಾತ್ರದಲ್ಲಿ ಅದರ ನಡುವೆ ನಡೆದೆ. ಎರಡು ಹೆಜ್ಜೆಯಲ್ಲೇ ಗೊತ್ತಾಯಿತು: ಈ ಮನುಷ್ಯ ಹೊಟ್ಟೆ ಅಡ್ಡ ಹಾಕಿ ಓರೆಯಾಗಿಯೇ ಬರಬೇಕು. ಅವನೇ ಕಟ್ಟಿಸಿದ ಮನೆಯ ಬಾಗಿಲಲ್ಲಿ ಅವನೇ ಹಿಡಿಸುವುದಿಲ್ಲ! ಮೂರು ವರ್ಷ ಆಡಿದ ನಾಟಕದಲ್ಲಿ ಹೊಸದಾಗಿ ಸಿಕ್ಕ ನಗು ಅದು. ಅತ್ತೆ ಮಾತ್ರ ನೇರ ಬರುತ್ತಾಳೆ, ಸೆರಗೂ ತಾಗದ ಹಾಗೆ. ಅಳತೆ ಹಾಗೇ ಉಳಿಯಿತು.

ಕೆಲಸ ಮಾಡಿಸಿದ್ದು ಶಿವಮೊಗ್ಗದ ಒಂದು ಅಲ್ಯುಮಿನಿಯಂ ಪಾರ್ಟಿಶನ್ ಅಂಗಡಿಯಲ್ಲಿ. ಕತ್ತರಿಸಿದ್ದು ಅವರು, ರಿವೆಟ್ ಹೊಡೆದಿದ್ದು ನಾನು. ಪಾಪ್ ರಿವೆಟ್ ಗನ್ನು ಈಗ ನನ್ನ ಪೆಟ್ಟಿಗೆಯಲ್ಲಿ ಬಣ್ಣದ ಡಬ್ಬಿಯ ಪಕ್ಕದಲ್ಲೇ ಇರುತ್ತದೆ. ಕಂಬಗಳಿಗೆ ತಲಾ 95 ಸೆಂ.ಮೀ.ನ ಎರಡು ತುಂಡು. ಹಲಗೆಗೆ 88 × 56ರ ಎರಡು ಚೌಕಟ್ಟು, ಒಂದರ ಮೇಲೊಂದು. ಹಲಗೆಯ ಮುಖಕ್ಕೆ 4 ಮಿ.ಮೀ. ಪ್ಲೈ. ಪ್ಲೈ ಕೊಳ್ಳುವಾಗ ಐಎಸ್ 710 ಮುದ್ರೆ ನೋಡಿ ಕೊಂಡೆ. ಅದು ನೀರು ತಡೆಯುವ ಮರೈನ್ ದರ್ಜೆ. ಸಾಧಾರಣ ದರ್ಜೆಯ ಐಎಸ್ 303 ಅಗ್ಗಕ್ಕೆ ಸಿಗುತ್ತದೆ, ಆದರೆ ಒಂದು ಮಳೆಗಾಲ ಕಲಿಸಿದ ಪಾಠ ಸಾಕು. ಮುದ್ರೆ ಏನೇ ಇದ್ದರೂ ನೀರು ಕುಡಿಯುವುದು ಪ್ಲೈನ ಅಂಚು. ಅಂಚಿಗೆ ಮೂರು ಕೋಟು ವಾರ್ನಿಶ್ ಕೊಟ್ಟೆ, ಪ್ರತಿ ಕೋಟು ಒಣಗಿದ ಮೇಲೆ ಉಪ್ಪುಕಾಗದ ಉಜ್ಜಿ.

ಬಿರಡೆಗೆ ಈ ಸಲ ಮರವೇ ಇಲ್ಲ. 19 ಮಿ.ಮೀ. ಚೌಕ ಕೊಳವೆಯನ್ನು 20 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ನಾಲ್ಕೂ ಮುಖಕ್ಕೆ 1.5 ಮಿ.ಮೀ. ದಪ್ಪದ ಪಟ್ಟಿ ಕೂರಿಸಿದರೆ 22 ಆಗುತ್ತದೆ. ಪಟ್ಟಿಯ ರಿವೆಟ್ ತಲೆ ಮೇಲೆದ್ದು ನಿಲ್ಲಬಾರದೆಂದು ತೂತಿನ ಬಾಯಿ ಅಗಲಿಸಿ, ಚಪ್ಪಟೆ ತಲೆಯ ರಿವೆಟ್ ಹೊಡೆದು, ಅರದಲ್ಲಿ ಉಜ್ಜಿದೆ. ಹಿಡಿದು ನೂಕಿದರೆ ಗಾಳಿ ಹೊರಗೆ ಹೋಗುವ ಸಣ್ಣ 'ಫುಸ್' ಕೇಳುವಷ್ಟು ಬಿಗಿ ಇರಬೇಕು, ಅದಕ್ಕಿಂತ ಹೆಚ್ಚು ಬೇಡ. ಈ ಒಂದು ಕೆಲಸಕ್ಕೇ ಎರಡು ಮಧ್ಯಾಹ್ನ ಹೋಯಿತು.

ಇಲ್ಲಿ ಒಂದು ತಪ್ಪು ಮಾಡಿದೆ, ಬೇರೆಯವರು ಮಾಡದಿರಲಿ ಅಂತ ಬರೆಯುತ್ತೇನೆ. ಬಿರಡೆಯನ್ನು ಕೆಳಗಿನ ತುಂಡಿಗೆ ಖಾಯಂ ಕೂರಿಸಿದೆ. 95 ಸೆಂ.ಮೀ. ತುಂಡಿನಿಂದ ಬಿರಡೆ 10 ಸೆಂ.ಮೀ. ಹೊರಗೆ ಚಾಚಿತು, ಒಟ್ಟು 105. ಪೆಟ್ಟಿಗೆಯ ಒಳ ಅಳತೆ 97! ರಿವೆಟ್ ಕೊರೆದು ತೆಗೆದು, ಬಿರಡೆಯನ್ನು ಬಿಡಿಯಾಗಿಟ್ಟು, ಎರಡೂ ಕಡೆ 6 ಮಿ.ಮೀ. ಬೋಲ್ಟು ಮತ್ತು ರೆಕ್ಕೆ ನಟ್ಟು ಹಾಕಿಕೊಂಡೆ. ಬಿಡಿ ಭಾಗ ಎಂದರೆ ಮರೆತು ಬರುವ ಭಾಗ. ಅದಕ್ಕೇ ಬಿರಡೆ, ಬೋಲ್ಟುಗಳಿಗೆ ಒಂದು ಕೆಂಪು ಬಟ್ಟೆಯ ಚೀಲ ಹೊಲಿಸಿ, ಚೀಲವನ್ನು ಪೆಟ್ಟಿಗೆಯ ಮುಚ್ಚಳಕ್ಕೇ ಕಟ್ಟಿದ್ದೇನೆ. ಚೀಲ ಖಾಲಿ ಇದ್ದರೆ ಮುಚ್ಚಳ ಹಾಕುವಾಗ ಕೈಗೆ ಗೊತ್ತಾಗುತ್ತದೆ.

ಬಾಗಿಲು ತಿರುಗುವುದಕ್ಕೆ ಹಿಂಜ್ ಬಿಟ್ಟೆ. ಎರಡು ತುಂಡಿನ ಹಲಗೆಗೆ ಮೂರು ಹಿಂಜ್ ಒಂದೇ ನೇರಕ್ಕೆ ತರುವುದು ಪ್ರತಿ ಊರಿನಲ್ಲೂ ಅರ್ಧ ಗಂಟೆಯ ಕಷ್ಟ. ಮಲೆನಾಡಿನ ಹಳೇ ಮನೆಗಳ ಬಾಗಿಲು ನೋಡಿದವರಿಗೆ ಗೊತ್ತು: ಹಿಂಜೇ ಇರುವುದಿಲ್ಲ. ಹಲಗೆಯ ಮೇಲೆ, ಕೆಳಗೆ ಒಂದೊಂದು ಗೂಟ, ಅವು ಚೌಕಟ್ಟಿನ ಕುಳಿಯಲ್ಲಿ ಕೂತು ತಿರುಗುತ್ತವೆ. ನೂರು ವರ್ಷ ತಿರುಗುತ್ತವೆ. ನಾನೂ ಕೆಳಗೆ 8 ಮಿ.ಮೀ. ಬೋಲ್ಟನ್ನು ಬಳೆಯಂಥ ನೈಲಾನ್ ಬುಷ್‌ನಲ್ಲಿ ಕೂರಿಸಿದೆ. ಮೇಲೆ ಒಂದು ಸಾಧಾರಣ ಟವರ್ ಬೋಲ್ಟ್, ಅಂಗಡಿಯಲ್ಲಿ ಸಿಗುವ ಕಿಟಕಿಯದು. ಅದರ ಸರಳನ್ನು ಮೇಲಕ್ಕೆ ನೂಕಿದರೆ ಚೌಕಟ್ಟಿನ ತೂತಿಗೆ ಹೋಗಿ ಅಚ್ಚಾಗುತ್ತದೆ, ಕೆಳಗೆ ಎಳೆದರೆ ಹಲಗೆ ಕೈಗೆ ಬರುತ್ತದೆ. ಹತ್ತು ಸೆಕೆಂಡು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು.

ಇನ್ನು ಸದ್ದು. ನಿಜವಾದ ಜಗಳ ಇದ್ದದ್ದು ಇಲ್ಲೇ, ಸುಮಾರು ಮೂರು ವಾರ ನಡೆಯಿತು.

ಕ್ಯಾನ್ವಾಸಿನ ಬಾಗಿಲಿಗೆ ಸದ್ದಿರಲಿಲ್ಲ. ಅದಕ್ಕಾಗಿ ಮುಚ್ಚುವಾಗ ಕಾಲಲ್ಲಿ ನೆಲ ಒದೆಯುತ್ತಿದ್ದೆ. ಕಲಾಕ್ಷೇತ್ರದಂಥ ಮರದ ರಂಗದಲ್ಲಿ ಅದು ನಡೆಯುತ್ತಿತ್ತು. ಕಲ್ಯಾಣ ಮಂಟಪದ ಗ್ರಾನೈಟ್ ನೆಲದಲ್ಲಿ ಹಿಮ್ಮಡಿ ನೋವು ಮಾತ್ರ ಉಳಿಯುತ್ತಿತ್ತು. ಸದ್ದಿಗಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಬಟ್ಟೆ ಗಾಳಿ ತುಂಬಿಕೊಂಡು ಬಾಗಿಲು ಕೊನೆಯ ಒಂದು ಗೇಣಿನಲ್ಲಿ ನಿಧಾನವಾಗುತ್ತಿತ್ತು. ಫೋನಿನಲ್ಲಿ ಸ್ಲೋ ಮೋಷನ್ ಹಿಡಿದು ನೋಡಿದಾಗ ಕಣ್ಣಿಗೇ ಕಂಡಿತು: ನನ್ನ ಕೈ ಬಿಟ್ಟಾಗಿದೆ, ಮುಖ ತಿರುಗಿಸಿಯಾಗಿದೆ, ಬಾಗಿಲು ಇನ್ನೂ ದಾರಿಯಲ್ಲಿದೆ. ನಗು ಚದುರಿಹೋಗುತ್ತಿದ್ದುದು ಆ ಸಂದಿನಲ್ಲಿ. ಎಷ್ಟೋ ಪ್ರದರ್ಶನದ ನಂತರ 'ಇವತ್ತು ಜನ ಸ್ವಲ್ಪ ತಣ್ಣಗಿದ್ದರು' ಅಂದುಕೊಂಡು ಮಲಗಿದ್ದೇನೆ. ಜನ ಸರಿಯಾಗಿಯೇ ಇದ್ದರು.

ಹೊಸ ಪ್ಲೈ ಹಲಗೆ ಐದೂವರೆ ಕೆಜಿ. ಅದು ಬಿಗಿಯಾಗಿ ಬಂದು ಬಡಿಯಿತು, ಆದರೆ ಸದ್ದು 'ಟಣ್' ಅಂತ, ತಗಡಿನದು. ಅಲ್ಯುಮಿನಿಯಂ ಅಲ್ಯುಮಿನಿಯಂಗೆ ತಾಗಿದರೆ ಅಡುಗೆಮನೆಯ ಪಾತ್ರೆ ಬಿದ್ದ ಹಾಗೆ. ರಬ್ಬರ್ ಪಟ್ಟಿ ಹಾಕಿದೆ, ಸದ್ದೇ ಸತ್ತಿತು. ಕಂಬಕ್ಕೆ ಮರದ ಪಟ್ಟಿ ಹಾಕಿದೆ, 'ಟಪ್' ಅಂತು. ಆಚಾರ್ರ ಹತ್ತಿರ ಹೋದೆ.

"ಮರ ಸದ್ದು ಮಾಡಲ್ಲ ಮಾರಾಯ್ರೆ, ಮರದ ಒಳಗಿನ ಖಾಲಿ ಜಾಗ ಸದ್ದು ಮಾಡೂದು" ಅಂದರು. "ಮದ್ದಳೆ ನೋಡಿದೀರಲ್ಲ?"

"ಹಾಗಾದ್ರೆ ಖಾಲಿ ಜಾಗ ಎಲ್ಲಿ ಕೊಡೋದು ಆಚಾರ್ರೆ? ಇರೋದು ಇಷ್ಟೇ ಇಷ್ಟು ಕೊಳವೆ."

ಅವರು ಚೌಕಟ್ಟನ್ನು ಒಂದು ಸುತ್ತು ಬಂದು ಕೆಳಗೆ ಕೈ ತೋರಿಸಿದರು. "ನಿಮ್ಮ ಬಾಗ್ಲಿಗೆ ಹೊಸಿಲೇ ಇಲ್ವಲ್ರೀ."

ಹೌದು, ಇರಲಿಲ್ಲ. ಎರಡು ಕಂಬದ ನಡುವೆ ಕೆಳಗೊಂದು ಚಪ್ಪಟೆ ಪಟ್ಟಿ ಮಾತ್ರ ಇತ್ತು. ಹೊಸ್ತಿಲಿಲ್ಲದ ಬಾಗಿಲನ್ನು ಇಟ್ಟುಕೊಂಡು ಕನ್ನಡದ ಮನೆ ಕಥೆ ಆಡುತ್ತಿದ್ದೆ.

ಹೊಸ್ತಿಲನ್ನೇ ಪೆಟ್ಟಿಗೆಯಾಗಿ ಮಾಡಿದೆವು. 62 ಸೆಂ.ಮೀ. ಉದ್ದ, 12 ಅಗಲ, 9 ಎತ್ತರ. ಬಡಿತ ಬೀಳುವ ಮುಂದಿನ ಹಲಗೆ ಹಲಸಿನದು. ವೀಣೆಗೂ ಮೃದಂಗಕ್ಕೂ ಬಳಸುವ ಮರ, ಅವರ ಕೊಟ್ಟಿಗೆಯಲ್ಲಿ ಒಣಗಿದ ತುಂಡೊಂದು ಸಿಕ್ಕಿತು, 12 ಮಿ.ಮೀ.ಗೆ ಹತ್ತರಿ ಹೊಡೆದುಕೊಟ್ಟರು. ಉಳಿದ ಮೈಗೆ 6 ಮಿ.ಮೀ. ಪ್ಲೈ. ಹಿಂದೆ ಅಂಗೈ ಅಗಲದ ಒಂದು ತೂತು. ತೂತಿಲ್ಲದೆ ಬಡಿದಾಗ ಸದ್ದು ಒಳಗೇ ಉಳಿಯಿತು, ಕೊರೆದ ಮೇಲೆ ಹೊರಗೆ ಬಂತು. ಹಲಸಿನ ಹಲಗೆಯ ಮೇಲಂಚು ಎರಡು ಬೆರಳು ಮೇಲೆದ್ದಿದೆ, ಬಾಗಿಲು ಬಂದು ನಿಲ್ಲುವುದು ಅದಕ್ಕೆ. ಬಾಗಿಲ ಕೆಳಮೂಲೆಗೆ, ತಿರುಗುವ ಅಚ್ಚಿನಿಂದ ಅತಿ ದೂರದ ತುದಿಗೆ, ಒಂದು ಬೆಂಕಿಪೊಟ್ಟಣದಷ್ಟು ಹೊನ್ನೆಮರದ ತುಂಡು ಕೂರಿಸಿದೆ. ಬಾಗಿಲು ಬೀಸಿದಾಗ ಅತಿ ವೇಗವಾಗಿ ಬರುವುದು ಆ ತುದಿ, ಏಟು ಅಲ್ಲೇ ಬೀಳಬೇಕು. ತುಂಡನ್ನು ಒಂದು ಗೇಣು ಒಳಗೆ ಸರಿಸಿ ನೋಡಿದಾಗ ಸದ್ದು ಗೊತ್ತಾಗುವಷ್ಟು ಕುಗ್ಗಿತು.

ಮೊದಲ ಸಲ ಬಡಿದಾಗ ಆಚಾರ್ರ ಕೊಟ್ಟಿಗೆಯ ಕರು ಎದ್ದು ನಿಂತಿತು. 'ದಢ್'!

ಒಂದು ಕೊರತೆ ಉಳಿದಿತ್ತು. ಬಡಿದ ಬಾಗಿಲು ಪುಟಿದು ಮತ್ತೊಮ್ಮೆ ಸಣ್ಣಗೆ ತಾಗುತ್ತಿತ್ತು. ಎರಡನೇ ಸದ್ದು ಬಂದರೆ ಮಾಲೀಕನ ಕೋಪ ಅನುಮಾನವಾಗಿಬಿಡುತ್ತದೆ. ಬೀರುವಿಗೆ ಹಾಕುವ ಮ್ಯಾಗ್ನೆಟ್ ಕ್ಯಾಚ್ ಎರಡು ಹಾಕಿದೆ. ಪುಟಿಯುವುದು ನಿಂತಿತು, ಆದರೆ ತೆರೆಯುವಾಗ ಇಡೀ ಚೌಕಟ್ಟು ಅಲುಗಿತು. ಒಂದನ್ನು ತೆಗೆದೆ. ಈಗ ಸರಿ. ಹಲಗೆಯ ಎರಡು ತುಂಡನ್ನು ಹಿಂದಿನಿಂದ ಎಳೆದು ಬಿಗಿಯುವ ಕ್ಲಿಪ್ಪುಗಳು ಗಲಗಲ ಅನ್ನುತ್ತಿದ್ದವು, ಸೈಕಲ್ ಟ್ಯೂಬಿನ ಚೂರು ಇಟ್ಟೆ.

ನೆಲದಲ್ಲಿ ಹೂಳದ ಚೌಕಟ್ಟು ಬಡಿತಕ್ಕೆ ಮುಂದಕ್ಕೆ ಮಗುಚಬಾರದು. ನನ್ನ ಬಾಗಿಲು ಹಿಂದಕ್ಕೆ ತೆರೆದು ಪ್ರೇಕ್ಷಕರ ಕಡೆಗೆ ಮುಚ್ಚುತ್ತದೆ, ಅಂದರೆ ಬಡಿತದ ತಳ್ಳು ಮುಂದಕ್ಕೆ. ಅದಕ್ಕೆ ಹಿಂದೆ 60 ಸೆಂ.ಮೀ. ಚಾಚುವ ಎರಡು ಪಾದ, ಓರೆಗೆ ಎರಡು ಊರುಗೋಲು, ಪಾದದ ತುದಿಗೆ ಭಾರ. ಭಾರವನ್ನು ಹೊತ್ತು ತಿರುಗುವುದು ಮೂರ್ಖತನ. ಯಾವ ಊರಿಗೆ ಹೋದರೂ 20 ಲೀಟರಿನ ಕುಡಿಯುವ ನೀರಿನ ಕ್ಯಾನ್ ಎರಡು ಸಿಗುತ್ತವೆ, ತಲಾ 20 ಕೆಜಿ. ಪಾದದ ಕೊನೆಯಲ್ಲಿ ಕ್ಯಾನ್ ಕೂರುವಷ್ಟು ಬಳೆ ಮಾಡಿಸಿದ್ದೇನೆ. ಆಟ ಮುಗಿದ ಮೇಲೆ ಅದೇ ನೀರನ್ನು ಸಂಘಟಕರು ಊಟಕ್ಕೆ ಬಡಿಸುತ್ತಾರೆ.

ಬಾಗಿಲ ಹಿಂಬದಿ ಯಾರೂ ನೋಡದ ಜಾಗ. ನನಗೆ ಅದೇ ನೇಪಥ್ಯ. ಕಂಬದ ಹಿಂದೆ ಒಂದರ ಕೆಳಗೊಂದು ನಾಲ್ಕು ಕೊಕ್ಕೆ. ಶಾಲು, ಟೋಪಿ, ಕನ್ನಡಕದ ದಾರ, ಸೆರಗಿನ ತುಂಡು, ಪಾತ್ರ ಬರುವ ಕ್ರಮದಲ್ಲೇ. ಕತ್ತಲಲ್ಲಿ ಕೈಗೆ ತಿಳಿಯಲೆಂದು ಮೊದಲ ಕೊಕ್ಕೆ ಬರಿಯದು, ಎರಡನೆಯದಕ್ಕೆ ನೂಲು ಸುತ್ತಿದೆ, ಮೂರನೆಯದಕ್ಕೆ ರಬ್ಬರ್ ನಳಿಕೆ, ನಾಲ್ಕನೆಯದಕ್ಕೆ ಒಂದು ಗುಂಡಿ ಹೊಲಿದ ಬಟ್ಟೆ. ಎಂಟು ಸೆಕೆಂಡಿನಲ್ಲಿ ಕಣ್ಣಿಗೆ ಕೆಲಸವಿಲ್ಲ, ಬೆರಳೇ ನೋಡುತ್ತದೆ.

ಬಣ್ಣಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಲ್ಯುಮಿನಿಯಂಗೆ ಮೊದಲು ಅದರದೇ ಎಚ್ (etch) ಪ್ರೈಮರ್ ಕೊಡದಿದ್ದರೆ ಬಣ್ಣ ಪದರ ಪದರವಾಗಿ ಏಳುತ್ತದೆ. ಮೇಲೆ ಹಳೇ ವಠಾರದ ಹಸಿರು, ಹೊಳಪಿಲ್ಲದ್ದು, ಲೈಟು ಬಿದ್ದರೆ ಕಣ್ಣಿಗೆ ಹೊಡೆಯದಂತೆ. ಹೊಸ್ತಿಲಿಗೆ ಮಾತ್ರ ಅರಿಶಿನ ಕುಂಕುಮದ ಗುರುತನ್ನು ಬಣ್ಣದಲ್ಲಿ ಬರೆದೆ.

ಒಟ್ಟು ಬಾಗಿಲು 11 ಕೆಜಿ, ವೇಷ, ಪೆಟ್ಟಿಗೆ ಸೇರಿ 22. ಖರ್ಚು 7,000 ರೂಪಾಯಿಯ ಒಳಗೆ, ಆಚಾರ್ರು ಕೂಲಿ ತೆಗೆದುಕೊಳ್ಳಲಿಲ್ಲ. ಕಟ್ಟುವುದಕ್ಕೆ ಒಬ್ಬರಿಗೆ 14 ನಿಮಿಷ, ಬಿಚ್ಚುವುದಕ್ಕೆ ಒಂಬತ್ತು.

ಮೊದಲ ಪರೀಕ್ಷೆಯನ್ನು ಬೇಕೆಂದೇ ಮಳೆಯಲ್ಲಿ ಇಟ್ಟುಕೊಂಡೆ. ಸೆಪ್ಟೆಂಬರಿನಲ್ಲಿ ಮತ್ತೆ ಅದೇ ತೀರ್ಥಹಳ್ಳಿ ಕಡೆಯ ಊರು, ಅದೇ ಭವನ. ಸಂಭಾವನೆ ಬೇಡ ಅಂದಿದ್ದೆ, ಅರ್ಧಕ್ಕೆ ಕೆಟ್ಟ ಆಟ ಅವರಿಗೆ ಬಾಕಿ ಇತ್ತು. ಮಧ್ಯಾಹ್ನವೇ ಹೋಗಿ ಬಾಗಿಲು ನಿಲ್ಲಿಸಿ ಸಂಜೆವರೆಗೆ ಥಂಡಿ ಕುಡಿಯಲು ಬಿಟ್ಟೆ. ಬಿರಡೆ ಎಳೆದು ನೋಡಿದೆ, 'ಫುಸ್' ಅಂತು. ಪಿಕಪ್ಪಿನ ಹುಡುಗರು ಮೊದಲ ಸಾಲಿನಲ್ಲಿದ್ದರು.

ಮುಕ್ಕಾಲು ಗಂಟೆಗೆ ಆ ಜಾಗ ಬಂತು. ಮಾಲೀಕ ಓರೆಯಾಗಿ ಹೊಟ್ಟೆ ಎಳೆದುಕೊಂಡು ಒಳಗೆ ಹೋದ. ಬಾಗಿಲು ಬಡಿಯಿತು. ಆ ಅರ್ಧ ಉಸಿರಿನ ಮೌನದಲ್ಲಿ ಶೀಟಿನ ಮೇಲಿನ ಮಳೆ ಕೇಳಿಸಿತು. ನಾನು ಹಲಗೆಯ ಹಿಂದೆ ಕತ್ತಲಲ್ಲಿ ಎರಡನೇ ಕೊಕ್ಕೆಯ ನೂಲು ಹಿಡಿದು ನಿಂತಿದ್ದೆ. ಆಮೇಲೆ ನಗು ಬಂತು, ಮಳೆ ಮುಚ್ಚಿಹೋಗುವಷ್ಟು.

ಆಮೇಲೆ 31 ಪ್ರದರ್ಶನ ಆಗಿವೆ. ಕೆಳಗಿನ ನೈಲಾನ್ ಬುಷ್ ಒಂದು ಬದಿಗೆ ಸವೆದು ಹಲಗೆ ಎರಡು ಮಿ.ಮೀ. ಇಳಿದಿದೆ, ಹೊನ್ನೆಯ ತುಂಡು ಹೊಸ್ತಿಲಿನ ಮೇಲಂಚಿಗೆ ಮೊದಲಿಗಿಂತ ಕೆಳಗೆ ತಾಗುತ್ತಿದೆ. ಸದ್ದು ಇನ್ನೂ ಚೆನ್ನಾಗಿದೆ, ಆದರೆ ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತಿದೆ. ಈ ಸಲ ಹಿತ್ತಾಳೆಯ ಬುಷ್ ಕಡೆಸಲು ಕೊಟ್ಟಿದ್ದೇನೆ. ಶುಕ್ರವಾರ ಸಿಗುತ್ತದೆ. ಶನಿವಾರ ಸಾಗರದಲ್ಲಿ ಆಟ.